ಹೋದ ವರ್ಷದಲ್ಲೇ ನಿಂತ ಕಂಪ್ಯೂಟರ್

ಪರದೆಯ ಕೊನೆಯಲ್ಲಿದ್ದ ಇಂಗ್ಲಿಷ್ ಸಾಲಿನ ಅರ್ಥ ಇಷ್ಟು: ಈಗಷ್ಟೇ ಮಾಡಿದ ಫೈಲು ಮೂಲ ಫೈಲುಗಳಿಗಿಂತ ಹಳೆಯದಾಗಿದೆ, ಗಡಿಯಾರ ನೋಡಿ. ನಾನು ಗೋಡೆಯ ಗಡಿಯಾರ ನೋಡಿದೆ. ಹನ್ನೊಂದೂ ಕಾಲು. ಕಂಪ್ಯೂಟರಿನಲ್ಲೂ ಹನ್ನೊಂದೂ ಕಾಲು. ಹಾಗಾಗಿ ಗಡಿಯಾರವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅನುಮಾನಿಸತೊಡಗಿದೆ.

ತೊಂಬತ್ತರ ದಶಕದ ಕೊನೆ. ಎಂ.ಎಸ್ಸಿ. ಮುಗಿಸಿದ್ದ ನಾನು ಪಾಂಡವಪುರದಿಂದ ಕೆ.ಆರ್. ಪೇಟೆಗೆ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾ, ಒಂದೇ ಕಂಪ್ಯೂಟರ್ ಇದ್ದ ತರಬೇತಿ ಕೇಂದ್ರದಲ್ಲಿ ಕಲಿಸಲು ಆಗಷ್ಟೇ ಸೇರಿದ್ದೆ. ಅದರಲ್ಲಿ ಮೊದಲಿದ್ದ ವ್ಯವಸ್ಥೆಯ ಪಕ್ಕದಲ್ಲೇ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಹಾಕಿದ್ದೂ ನಾನೇ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿ ಬೆರಳಚ್ಚು ಕಲಿಸುವ ಪ್ರೋಗ್ರಾಂ ಇತ್ತು. ಯಾರೋ ಬರೆದು ಎಲ್ಲರಿಗೂ ಹಂಚಿದ್ದ ಮೂಲ ಕೋಡು ಅದು. ಓಡಬೇಕಾದರೆ ಆ ಕೋಡಿನಿಂದ ಪ್ರೋಗ್ರಾಮನ್ನು ನಮ್ಮ ಯಂತ್ರದಲ್ಲೇ ಕಟ್ಟಿಕೊಳ್ಳಬೇಕು. ಕಟ್ಟುವ ಮುಂಚೆ ಯಂತ್ರದಲ್ಲಿ ಏನೇನಿದೆ ಎಂದು ಅದು ತಪಾಸಣೆ ಮಾಡುತ್ತದೆ. ಅಲ್ಲೇ ನಿಂತುಹೋಗುತ್ತಿತ್ತು. ಮರುದಿನ ಹೆಣ್ಣುಮಕ್ಕಳ ಬ್ಯಾಚು ಶುರು. ಅದು ನನ್ನ ಮೊದಲ ಬ್ಯಾಚು. ಪ್ರೋಗ್ರಾಂ ಓಡದಿದ್ದರೆ ಅವರನ್ನೆಲ್ಲ ಬಸ್‌ಸ್ಟ್ಯಾಂಡಿನ ಎದುರಿನ ಟೈಪಿಂಗ್ ಶಾಲೆಗೆ ಕಳಿಸುವುದಾಗಿ ಮಾಲೀಕರು ಹೇಳಿಯಾಗಿತ್ತು.

ಸಿ.ಡಿ. ಒರೆಸಿದೆ. ಎಲ್ಲ ಅಳಿಸಿ ಮೊದಲಿನಿಂದ ಹಾಕಿದೆ. ಮತ್ತೆ ಅದೇ ಸಾಲು.

ಅಷ್ಟರಲ್ಲಿ ಹೊಸಹೊಳಲಿನಿಂದ ಒಬ್ಬ ಅಜ್ಜಿ ಮೊಮ್ಮಗನ ಜಾತಕ ಮಾಡಿಸಲು ಬಂದರು. ಮಾಲೀಕರು ಕಂಪ್ಯೂಟರಿನಲ್ಲಿ ಜಾತಕವನ್ನೂ ಹಾಕಿಕೊಡುತ್ತಿದ್ದರು.

"ಮಗ ಯಾವಾಗವ್ವ ಉಟ್ಟಿದ್ದು?"

"ಓದ ಸ್ವಾಮಾರ ಕಣಪ್ಪ."

"ವರ್ಷ ತುಂಬ್ಲಿ ಬುಡವ್ವ. ಎಳೇ ಮಕ್ಳಿಗೆ ಕಂಪ್ಯೂಟ್ರು ಜಾತ್ಕ ಬರೆಯಾಕಿಲ್ಲ."

"ಯಾಕೆ, ಅದ್ಕೂ ಎಳೇ ಮಕ್ಳು ಅಂದ್ರೆ ಭಯ್ವಾ?" ಎಂದು ಅಜ್ಜಿ ನಗುತ್ತಾ ಹೋದರು.

ನನಗೆ ಕುತೂಹಲವಾಯಿತು. "ಯಾಕೆ ಸಾರ್ ಬರೆಯೋದಿಲ್ಲ?"

ಅವರು ದನಿ ತಗ್ಗಿಸಿದರು. "ಆ ಪ್ರೋಗ್ರಾಮು ಒಂದು ತಿಂಗ್ಳು ಮಾತ್ರ ಬಿಟ್ಟಿ ಕಣವ್ವ. ಅದ್ಕೆ ತಾರೀಕ್ನ ಓದ ವರ್ಷಕ್ಕೆ ತಿರುಗ್ಸಿವ್ನಿ. ತಿಂಗ್ಳೇ ಮುಗಿಯಾಕಿಲ್ವಲ್ಲ! ಈ ವರ್ಷದ ಮಕ್ಳು ಮಾತ್ರ ಅದ್ರ ಲೆಕ್ದಲ್ಲಿ ಇನ್ನೂ ಉಟ್ಟಿಲ್ಲ."

ಗಂಟೆ, ನಿಮಿಷ ನೋಡಿದ್ದ ನಾನು ವರ್ಷ ನೋಡಿರಲಿಲ್ಲ. ಸಿ.ಡಿ.ಯ ಫೈಲುಗಳು ಈ ವರ್ಷದವು. ನಮ್ಮ ಯಂತ್ರ ಮಾಡಿದವು ಹೋದ ವರ್ಷದವು. ಅಮ್ಮನಿಗಿಂತ ಮಗಳು ದೊಡ್ಡವಳು ಎಂದರೆ ಯಾವ ತಪಾಸಣೆ ಒಪ್ಪೀತು? ನಗು ತಡೆಯಲಾಗಲಿಲ್ಲ. ನಾಳೆ ಬೆಳಿಗ್ಗೆ, ಜಾತಕದವರು ಬರುವ ಮುಂಚೆ, ಸ್ವಲ್ಪ ಹೊತ್ತು ನಿಜವಾದ ತಾರೀಕು ಹಾಕಿಕೊಳ್ಳಲೇ ಎಂದು ಕೇಳಿದೆ.

"ಆಮೇಕೆ ತಿರುಗ್ಸೋದು ಮರ್ತ್‌ಬುಟ್ರೆ ನನ್ ಜಾತ್ಕ ಮುಗೀತು ಕಣವ್ವ!"

"ಮರೆಯೋದಿಲ್ಲ ಸಾರ್."

ಅವರು ಕೇಂದ್ರದ ಬೀಗದ ಕೈ ಕೊಟ್ಟರು.

ಮರುದಿನ ಮೊದಲ ಬಸ್ಸಿಗೆ ಹೋಗಿ ವರ್ಷವನ್ನು ಸರಿ ಮಾಡಿದೆ. ತಪಾಸಣೆ ಸಾಲು ಸಾಲಾಗಿ ಮುಂದೆ ಹೋಯಿತು. ಪ್ರೋಗ್ರಾಂ ಕಟ್ಟಿ ಮುಗಿಸಿ, ಓಡಿಸಿ ನೋಡಿ, ತಾರೀಕನ್ನು ಮತ್ತೆ ಹೋದ ವರ್ಷಕ್ಕೆ ತಿರುಗಿಸಿದೆ. ಆಮೇಲೆ ಬಾಗಿಲು ಪೂರ್ತಿ ತೆರೆದು, ಹೊರಗೆ ಕಾಯುತ್ತಿದ್ದ ಹುಡುಗಿಯರನ್ನು ಒಳಗೆ ಕರೆದೆ.