ಗಡ್ಡದಿಂದ ತಲೆಗೆ, ತಲೆಯಿಂದ ದೇವರಿಗೆ

ಬಜಪೆ ವಿಮಾನ ನಿಲ್ದಾಣದಲ್ಲಿ ನನ್ನ ಹಾಗೆಯೇ ಟ್ಯಾಕ್ಸಿ ಓಡಿಸುವ ಮುಖೇಶನಿಗೆ ಮೂವತ್ತಕ್ಕೇ ತಲೆ ಬೋಳಾಯಿತು. ಗಡ್ಡ ಮಾತ್ರ ಕಾಡಿನ ಹಾಗೆ ಬೆಳೆಯುತ್ತಿತ್ತು. ದೇವರಿಗೆ ಮೇಲು ಕೆಳಗು ತಪ್ಪಿತೇನೋ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವನು ನಗುತ್ತಿರಲಿಲ್ಲ. ಮೂರು ಹುಡುಗಿಯರ ಮನೆಯವರು ಫೋಟೊ ನೋಡಿಯೇ ಬೇಡ ಅಂದಿದ್ದರು.

ಮೊದಲು ಒಬ್ಬ ಡಾಕ್ಟರಿಂದ ಹಿಂದಲೆಯ ಕೂದಲನ್ನು ಮುಂದೆ ನೆಡಿಸಿಕೊಂಡದ್ದು ಹಿಡಿಯಲಿಲ್ಲ. ಇನ್ನೊಮ್ಮೆ ತೆಗೆಯಲು ಹಿಂದೆಯೂ ಕೂದಲು ಉಳಿಯಲಿಲ್ಲ. ಎರಡನೆಯ ಸಲ ಬೇರೆ ಡಾಕ್ಟರು ಗಲ್ಲದ ಕೆಳಗಿನ ಗಡ್ಡವನ್ನೂ ಎದೆಯ ರೋಮವನ್ನೂ ಬೇರುಸಹಿತ ಒಂದೊಂದಾಗಿ ತೆಗೆದು ನೆತ್ತಿಗೆ ನೆಟ್ಟರು. ಹತ್ತು ತಿಂಗಳಲ್ಲಿ ಬೆಳೆ ಬಂತು. ಸ್ವಲ್ಪ ಒರಟು, ಆದರೂ ಕೂದಲೇ. ಸೆಲೂನಿನ ನೋಣಯ್ಯಣ್ಣನಿಗೂ ಗಲಿಬಿಲಿ. "ಇದು ಕಟ್ಟಿಂಗಾ, ಶೇವಿಂಗಾ ಮಾರಾಯ?"

ಮುಂದಿನ ಭಾನುವಾರ ಪಂಪ್‌ವೆಲ್ ಸರ್ಕಲಿನ ಹತ್ತಿರ ಯಶ್ಮಿತಾ ಎಂಬ ಹುಡುಗಿಯನ್ನು ನೋಡಲು ಹೋಗುವುದೆಂದು ನಿಶ್ಚಯವಾಯಿತು. ಆಗ ಅವನ ತಾಯಿ ಮುದ್ದಕ್ಕ ಬಾಯಿ ಬಿಟ್ಟರು.

"ಮಗಾ, ಒಂದು ಹರಕೆ ಬಾಕಿ ಉಂಟು. ನಿನ್ನ ತಲೆಯಲ್ಲಿ ಕೂದಲು ಬಂದ್ರೆ ಧರ್ಮಸ್ಥಳದಲ್ಲಿ ಮುಡಿ ಕೊಡಿಸ್ತೇನೆ ಅಂತ ಹೇಳಿಕೊಂಡಿದ್ದೆ."

"ಕೂದಲು ಬರ್ಲಿಕ್ಕೆ ಕೂದಲು ತೆಗೆಸುವ ಹರಕೆಯಾ? ನಿನಗೆ ತುಲಾಭಾರ ನೆನಪಾಗ್ಲಿಲ್ವಾ ಮಾರಾಯ್ತಿ?"

"ಹರಕೆ ತೀರಿಸದೆ ಮದುವೆ ಮಾತಾಡ್ಲಿಕ್ಕೆ ಆಗ್ತದಾ?"

ಅವನು ಡಾಕ್ಟರಿಗೆ ಫೋನ್ ಮಾಡಿದ. ಬೇರು ಒಳಗೇ ಇರುತ್ತದೆ, ಬೋಳಿಸಿದರೂ ಪುನಃ ಬರುತ್ತದೆ ಎಂದರು. ಅವನ ಗೊಂದಲ ಅಲ್ಲಿಗೂ ಮುಗಿಯಲಿಲ್ಲ. ಇದು ಗಡ್ಡದ ಕೂದಲಲ್ಲವೇ, ದೇವರು ಇದನ್ನು ಮುಡಿ ಎಂದು ಒಪ್ಪುತ್ತಾನೆಯೇ? ಸುಮ್ಮನೆ ಬೋಳಿಸಿಕೊಂಡ ಹಾಗಾದರೆ? ವಾರವಿಡೀ ನನ್ನ ತಲೆ ತಿಂದ. "ತಲೆಯಲ್ಲಿ ಉಂಟಲ್ಲ, ಹಾಗಾದ್ರೆ ತಲೆಯದ್ದೇ" ಎಂದು ಮುದ್ದಕ್ಕ ತೀರ್ಪು ಕೊಟ್ಟರು. ಶುಕ್ರವಾರ ಮುಡಿ ಕೊಟ್ಟು ಬಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಭಾನುವಾರ ಅವನ ಜೊತೆ ನಾನೂ ಹೋದೆ. ಇವರೂ ಬೇಡ ಅನ್ನುತ್ತಾರೆಂದು ಮುಖೇಶ ತಲೆ ತಗ್ಗಿಸಿ ಕುಳಿತಿದ್ದ. ನೆತ್ತಿಯ ತುಂಬ ಎರಡು ದಿನದ ಕಪ್ಪು ಕುರುಚಲು. ಚಹಾ ಕೊಡಲು ಬಂದ ಯಶ್ಮಿತಾ ಅದನ್ನು ನೋಡಿ ಸಹಜವಾಗಿ ಕೇಳಿದಳು.

"ಮುಡಿ ಕೊಟ್ಟದ್ದಾ?"

ಕೂದಲಿಲ್ಲದವನನ್ನು ಯಾರೂ ಹಾಗೆ ಕೇಳುವುದಿಲ್ಲ. ತಲೆ ಬೋಳಾದ ಎಂಟು ವರ್ಷದಲ್ಲಿ ಅವನನ್ನು ಯಾರೂ ಕೇಳಿರಲಿಲ್ಲ. ಹೌದು ಎನ್ನಲು ಬಾಯಿ ತೆರೆದವನು ಅತ್ತೇ ಬಿಟ್ಟ. ಏನಾಯಿತೆಂದು ತಿಳಿಯದೆ ಆ ಹುಡುಗಿ ನನ್ನ ಮುಖ ನೋಡಿದಳು. ನಾನಾದರೂ ಎಲ್ಲಿಂದ ಶುರುಮಾಡಲಿ, ತಲೆಯಿಂದಲೋ, ಗಡ್ಡದಿಂದಲೋ?