ಎಡಗಡೆ ಕೇಳಿಸುತ್ತಿಲ್ಲ

ನಮ್ಮ ಚಿಕ್ಕಪ್ಪ ಲಿಫ್ಟ್ ಮೆಕ್ಯಾನಿಕ್. ಸೀಲ್ ಒಡೆಯದ ಹೊಸ ಪೆಟ್ಟಿಗೆಯನ್ನು ಜನ್ಮದಲ್ಲಿ ಮನೆಗೆ ತಂದವರಲ್ಲ. ಅವರ ಮನೆಯ ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಮೇಜಿನ ದೀಪ ಎಲ್ಲವೂ ಆನ್‌ಲೈನ್ ಅಂಗಡಿಗಳ ಓಪನ್ ಬಾಕ್ಸ್ ಮಾಲು. ಅಂದರೆ ಯಾರೋ ಕೊಂಡು, ಬಿಚ್ಚಿ ನೋಡಿ, ಬೇಡವೆಂದು ವಾಪಸ್ ಕಳಿಸಿದ್ದನ್ನು ಅಂಗಡಿಯವರು ಮತ್ತೊಮ್ಮೆ ಪರೀಕ್ಷಿಸಿ ಅಗ್ಗಕ್ಕೆ ಮಾರುವುದು. ಇದನ್ನು ಜಿಪುಣತನ ಅಂದರೆ ಅವರಿಗೆ ಮೂಗಿನ ತುದಿಯಲ್ಲೇ ಕೋಪ.

"ಒಬ್ಬ ವಾಪಸ್ ಕಳಿಸಿದಾನೆ ಅಂದ್ರೆ ಅದ್ರಲ್ಲಿ ಏನೋ ಒಂದು ಇರ್ಲೇಬೇಕು. ಅಂಗಡಿಯೋರಿಗೆ ಅದು ಕಾಣಲ್ಲ, ನನಗೆ ಕಾಣುತ್ತೆ. ಅಷ್ಟೇ ವ್ಯತ್ಯಾಸ," ಎನ್ನುತ್ತಿದ್ದರು.

ಕಾಣುತ್ತಿತ್ತು ಕೂಡ, ಸುಳ್ಳು ಹೇಳಬಾರದು. ಮಿಕ್ಸರಿನ ಅಡಿಯಲ್ಲಿ ಸಡಿಲವಾಗಿದ್ದ ಒಂದು ಸ್ಕ್ರೂ ಹಿಡಿದು ಅವರು ವಾರವಿಡೀ ಮೀಸೆ ತಿರುವಿದ್ದನ್ನು ನಾನೇ ನೋಡಿದ್ದೇನೆ. ನಾನು ಅವರ ಅಣ್ಣನ ಮಗಳು. ಅದೇ ಕಟ್ಟಡದಲ್ಲಿ ಒಂದು ಮಹಡಿ ಮೇಲೆ ನನ್ನ ಮನೆ. ಸಂಜೆಯ ಚಹಾ ಮಾತ್ರ ಚಿಕ್ಕಮ್ಮನ ಕೈಯದೇ ಆಗಬೇಕು.

ಚಿಕ್ಕಮ್ಮನದು ಮನೆಯಲ್ಲೇ ಕೂತು ಮಾಡುವ ಕೆಲಸ. ಒಂದು ವಿಮಾ ಕಂಪನಿಗೆ ಗಿರಾಕಿಗಳು ಫೋನ್ ಮಾಡಿ ಆಡಿದ ಮಾತುಗಳು ಅವಳಿಗೆ ಬರುತ್ತವೆ. ಕೇಳಿ ಕೇಳಿ ಟೈಪ್ ಮಾಡಬೇಕು. ಹೆಡ್‌ಫೋನಿನ ಎಡಗಡೆ ಗಿರಾಕಿಯ ದನಿ, ಬಲಗಡೆ ಕಂಪನಿಯವರ ದನಿ. "ನನ್ನ ಎಡಗಿವಿಯಲ್ಲಿ ದಿನಾ ಜಗಳ, ಬಲಗಿವಿಯಲ್ಲಿ ದಿನಾ ಕ್ಷಮಾಪಣೆ," ಎಂದು ನಗುತ್ತಿದ್ದಳು. ಅವಳ ಹಳೇ ಹೆಡ್‌ಫೋನಿನ ಪಟ್ಟಿ ಮುರಿದಾಗ ಚಿಕ್ಕಪ್ಪ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿ, ಬಹಳ ಒಳ್ಳೆಯದೊಂದನ್ನು ಅರ್ಧ ಬೆಲೆಗೆ ಹಿಡಿದರು. ಓಪನ್ ಬಾಕ್ಸ್, ಇನ್ನೇನು ಮತ್ತೆ.

ಅದು ಬರುವ ಹಿಂದಿನ ದಿನ ಚಿಕ್ಕಮ್ಮ ಬೆಳಿಗ್ಗೆ ಎದ್ದವಳೇ ಕಿವಿ ಕಟ್ಟಿದೆ, ಒಳಗೆ ಗುಂಯ್ ಅಂತಿದೆ ಅಂದಳು. ಶೀತ ಅಂದೆವು. ಅವಳೂ ಶೀತ ಅಂದುಕೊಂಡು ಬಿಸಿನೀರಿನ ಆವಿ ತೆಗೆದುಕೊಂಡಳು. ಅಯ್ಯೋ, ಆ ಮಾತನ್ನು ಆವತ್ತೇ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಅವಳ ಕಿವಿ ಉಳಿಯುತ್ತಿತ್ತೋ ಏನೋ. ನಮಗೆ ಪೆಟ್ಟಿಗೆಯ ಸಂಭ್ರಮ.

ಪೆಟ್ಟಿಗೆ ಬಿಚ್ಚುವುದೆಂದರೆ ಆ ಮನೆಯಲ್ಲಿ ಆಪರೇಷನ್ ಥಿಯೇಟರಿನ ಗಾಂಭೀರ್ಯ. ಮೇಜಿನ ಮೇಲೆ ಹಳೇ ಬಟ್ಟೆ ಹಾಸಿ, ಟೇಬಲ್ ಲ್ಯಾಂಪ್ ಹಚ್ಚಿ, ಚಿಕ್ಕಪ್ಪ ಬ್ಲೇಡ್ ಹಿಡಿದು ನಿಲ್ಲುತ್ತಾರೆ. ವಿಡಿಯೋ ಮಾಡುವುದು ನನ್ನ ಪಾಲು.

"ಕೈ ಅಲ್ಲಾಡಿಸಬೇಡ ಕಣೇ. ನಾಳೆ ಅವರು ತಕರಾರು ತೆಗೆದ್ರೆ ಇದೇ ಸಾಕ್ಷಿ."

"ಸಾಕ್ಷಿ ಇರ್ಲಿ, ಮೊದಲು ಬೇಗ ಕೊಯ್ಯಿ ಚಿಕ್ಕಪ್ಪ, ತೋಳು ನೋಯ್ತಿದೆ."

ಚಿಕ್ಕಮ್ಮ ಹಾಕಿಕೊಂಡಳು. ಸ್ವಲ್ಪ ಹೊತ್ತು ಕೇಳಿ ತೆಗೆದಳು. "ರೀ, ಎಡಗಡೆ ಕೇಳಿಸ್ತಿಲ್ಲ."

ಚಿಕ್ಕಪ್ಪನ ಮುಖ ಅರಳಿತು. ಹೌದು, ಅರಳಿತು! ಅಡಗಿದ್ದ ಕಳ್ಳ ಸಿಕ್ಕಿಬಿದ್ದನಲ್ಲ. ತಾವೇ ಹಾಕಿಕೊಂಡು ನೋಡಿದರು. ಎರಡೂ ಕಡೆ ಚೆನ್ನಾಗಿ ಕೇಳಿಸಿತು. ನನಗೂ ಕೇಳಿಸಿತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಒಂದು ಕ್ಷಣ ನಿಂತು ಯೋಚಿಸುತ್ತಿದ್ದರು. ಚಿಕ್ಕಪ್ಪ ಹಾಗಲ್ಲ. "ಲೂಸ್ ಕಾಂಟ್ಯಾಕ್ಟ್," ಅಂದರು. "ಲಿಫ್ಟೂ ಹೀಗೇ. ನಾನು ಹೋಗಿ ನಿಂತ್ರೆ ಜಾಣನ ಹಾಗೆ ಓಡುತ್ತೆ, ಬೆನ್ನು ತಿರುಗಿಸಿದ್ರೆ ನಿಲ್ಲುತ್ತೆ. ಅವಳಿಗೆ ಕೇಳಿಸ್ತಿಲ್ಲ ಅಂದ್ರೆ ಕೇಳಿಸ್ತಿಲ್ಲ."

ಕಸ್ಟಮರ್ ಕೇರ್‌ನವರ ಬೆವರಿಳಿಸಿದರು. ಪಾಪ, ಆ ಹುಡುಗಿ ಮೆತ್ತಗೆ ಕೇಳಿದಳು: "ಸರ್, ಬೇರೆಯವರು ಹಾಕಿ ನೋಡಿದಾಗ ಸರಿ ಇತ್ತಾ?" ಚಿಕ್ಕಪ್ಪ ಉರಿದುಬಿದ್ದರು. "ನನ್ನ ಹೆಂಡತಿ ಸುಳ್ಳು ಹೇಳ್ತಾಳೆ ಅಂತೀಯೇನಮ್ಮಾ?" ನಾನು ಪಕ್ಕದಲ್ಲಿ ಕೂತು ತಾಳ ಹಾಕುತ್ತಿದ್ದೆ. ಕೊನೆಗೆ ಅವರು ಬದಲಿ ಕಳಿಸಲು ಒಪ್ಪಿದರು. ಮೊದಲನೆಯದು ವಾಪಸ್ ಹೋಗಿ ಬದಲಿ ಬರುವಷ್ಟರಲ್ಲಿ ದಿನಗಳು ಉರುಳಿದವು. ಅದೂ ಓಪನ್ ಬಾಕ್ಸ್, ಅದರಲ್ಲೂ ಎಡಗಡೆ ಇಲ್ಲ. ಇಡೀ ಲಾಟೇ ಹಾಳು ಎಂದು ಚಿಕ್ಕಪ್ಪ ತೀರ್ಪು ಕೊಟ್ಟು ಮತ್ತೆ ಯುದ್ಧಕ್ಕೆ ನಿಂತರು. ಚಿಕ್ಕಮ್ಮನೂ ಹೆಡ್‌ಫೋನಿನದೇ ತಪ್ಪು ಅಂದಳು. ಫೋನನ್ನು ಅವಳು ಯಾವಾಗಲೂ ಬಲಗಿವಿಗೇ ಹಿಡಿಯುತ್ತಿದ್ದಳು, ಮನೆಯೊಳಗಿನ ಮಾತೆಲ್ಲ ಹೇಗೋ ಕೇಳಿಸುತ್ತಿತ್ತು, ಹಾಗಾಗಿ ಕಿವಿಯ ಮೇಲೆ ಅನುಮಾನ ಬರಲಿಲ್ಲ. "ಇದರ ದಿಂಬು ಒತ್ತಿ ಒತ್ತಿ ಕಿವಿ ಇನ್ನೂ ಮಂದವಾಗಿದೆ, ದರಿದ್ರದ್ದು," ಎಂದು ಬೈದಳು.

ಆದರೆ ಅವಳ ಕೆಲಸಕ್ಕೆ ಏಟು ಬಿತ್ತು. ಗಿರಾಕಿಗಳ ಪ್ರಶ್ನೆಗಳೇ ಇಲ್ಲ, ಬರೀ ಉತ್ತರ ಇದೆ ಎಂದು ಕಂಪನಿಯವರು ಗದರಿದರು. ಆಗ ಚಿಕ್ಕಪ್ಪ ಜೀವನದಲ್ಲಿ ಮಾಡದ್ದನ್ನು ಮಾಡಿದರು. ಅಂಗಡಿಗೆ ಹೋಗಿ, ಪೂರ್ತಿ ಬೆಲೆ ತೆತ್ತು, ಸೀಲ್ ಇದ್ದ ಹೊಸ ಹೆಡ್‌ಫೋನ್ ತಂದರು. ವಿಡಿಯೋ ಬೇಡ ಅಂದರು. ತಾವೇ ಅವಳ ತಲೆಗೆ ಹಾಕಿ, ಕಂಪ್ಯೂಟರಿನಲ್ಲಿ ಗಿರಾಕಿಯ ಒಂದು ಕರೆ ಹಚ್ಚಿದರು.

ಚಿಕ್ಕಮ್ಮ ನಗಲು ಸಿದ್ಧವಾಗಿಯೇ ಕೂತಿದ್ದಳು. ಆ ನಗು ಹಾಗೇ ಇಳಿದುಹೋಯಿತು.

"ರೀ... ಇದ್ರಲ್ಲೂ ಎಡಗಡೆ ಇಲ್ಲ."

"ಹೊಸದಕ್ಕೂ ಬಂತಾ ರೋಗ?" ಎಂದು ಚಿಕ್ಕಪ್ಪ ನಕ್ಕರು. ನಕ್ಕವರು ಅರ್ಧಕ್ಕೇ ನಿಲ್ಲಿಸಿದರು. ಹೆಡ್‌ಫೋನನ್ನು ತೆಗೆದು, ಹಿಂದುಮುಂದು ಮಾಡಿ, ಎಡಭಾಗ ಬಲಗಿವಿಗೆ ಬರುವಂತೆ ಮತ್ತೆ ಹಾಕಿದರು.

"ಈಗ ಹೇಳು."

"ಈಗ ಬಲಗಡೆ ಗಿರಾಕಿ ಮಾತಾಡ್ತಿದಾನೆ." ಅವಳ ದನಿ ಸಣ್ಣಗಾಯಿತು. "ಎಡಗಡೆ ಏನೂ ಇಲ್ಲ ಕಣ್ರೀ."

ಚಿಕ್ಕಪ್ಪನ ಕೈ ಅವಳ ಕಿವಿಗಳ ಮೇಲೇ ನಿಂತುಬಿಟ್ಟಿತು.

ಮರುದಿನವೇ ಡಾಕ್ಟರ ಬಳಿ ಓಡಿದೆವು. ಒಳಗಿನ ನರಕ್ಕೆ ಪೆಟ್ಟಾಗಿದೆ, ಇದು ಶೀತವಲ್ಲ ಅಂದರು. ಹೀಗೆ ದಿಢೀರನೆ ಕಿವಿ ಹೋದಾಗ ಮೊದಲ ಒಂದೆರಡು ವಾರದೊಳಗೆ ಔಷಧ ಬಿದ್ದರೆ ಎಷ್ಟೋ ಜನರಿಗೆ ತಿರುಗಿ ಬರುತ್ತದಂತೆ. "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಕೇಳಿದರು. ಏನು ಹೇಳುವುದು? ಡಬ್ಬಿ ವಾಪಸ್ ಕಳಿಸುತ್ತಿದ್ದೆವು ಅನ್ನುವುದೇ? ಔಷಧ ಕೊಟ್ಟರು, ಸೂಜಿ ಚುಚ್ಚಿದರು. ಏನೂ ಪ್ರಯೋಜನವಾಗಲಿಲ್ಲ.

ಕೆಲಸ ಉಳಿಯಿತು. ಎರಡು ದನಿಯನ್ನೂ ಒಂದೇ ಕಿವಿಗೆ ತರುವ ವ್ಯವಸ್ಥೆ ಕಂಪ್ಯೂಟರಿನಲ್ಲಿ ಇತ್ತು. ಜಗಳ, ಕ್ಷಮಾಪಣೆ ಎಲ್ಲ ಈಗ ಬಲಗಿವಿಗೇ. ಆದರೆ ಚಿಕ್ಕಪ್ಪ ಚಿಕ್ಕಪ್ಪನಾಗಿ ಉಳಿಯಲಿಲ್ಲ. ಊಟ ಅರ್ಧಕ್ಕೇ ಬಿಟ್ಟು ಏಳುತ್ತಾರೆ. ಲಿಫ್ಟ್ ಸರಿ ಮಾಡಿ ಬಂದರೂ ಏನು ಕೆಟ್ಟಿತ್ತು ಎಂದು ಹೇಳುವುದಿಲ್ಲ.

ಮೊನ್ನೆ ಚಹಾಕ್ಕೆ ಹೋದಾಗ ಇಬ್ಬರೂ ಬಾಲ್ಕನಿಯ ಬೆಂಚಿನ ಮೇಲೆ ಅಕ್ಕಪಕ್ಕ ಕೂತಿದ್ದರು. ಅವರ ಮುಖ ನೋಡಲಾರದೆ ಚಿಕ್ಕಮ್ಮ ರಸ್ತೆ ನೋಡುತ್ತ ಹೇಳಿದಳು: "ಸಾಕು ಬಿಡ್ರೀ. ಲೋಕದಲ್ಲಿ ಎಲ್ಲರನ್ನೂ ಅನುಮಾನಿಸೋ ಮನುಷ್ಯ ನೀವು. ನನ್ನ ಮಾತನ್ನ ಮಾತ್ರ ಒಂದ್ಸಲವೂ ಅನುಮಾನಿಸ್ಲಿಲ್ಲ. ಅದು ತಪ್ಪಾ?"

ಚಿಕ್ಕಪ್ಪ ತೀರಾ ಮೆಲ್ಲಗೆ ಅಂದರು: "ಒಂದೇ ಒಂದ್ಸಲ ಅನುಮಾನಿಸಬೇಕಿತ್ತು ಕಣೇ."

ಬಾಗಿಲಲ್ಲಿ ನಿಂತಿದ್ದ ನನಗೆ ಕೇಳಿಸಿತು. ಅವರು ಕೂತದ್ದು ಚಿಕ್ಕಮ್ಮನ ಎಡಗಡೆ. ಅವಳು ರಸ್ತೆಯನ್ನೇ ನೋಡುತ್ತ, ಅವರು ಏನಾದರೂ ಹೇಳಲಿ ಎಂದು ಕಾಯುತ್ತಲೇ ಇದ್ದಳು.