ಅಕ್ಕವ್ವನ ಎಡಗಣ್ಣಿನ ಗುರಿ

ಚಂದ್ರಾ ಲೇಔಟ್‌ನ ದರ್ಶಿನಿಯಲ್ಲಿ ದಿನದ ಮೊದಲ ಇಡ್ಲಿ ಇನ್ನೂ ಬೇಯುತ್ತಿದೆ. ಅದರ ಮೇಲಿನ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಆ ಬೆಳಕಿನಡಿ, ಹಸಿರು ಬಟ್ಟೆ ಹೊದಿಸಿದ ಪೂಲ್ ಟೇಬಲ್ ಮೇಲೆ ಬಾಗಿ, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದ ಹೆಂಗಸೊಬ್ಬರು ಉದ್ದಕ್ಕೆ ಬ್ರಷ್ ಎಳೆಯುತ್ತಿದ್ದಾರೆ.

"ಅಡ್ಡಾದಿಡ್ಡಿ ತಿಕ್ಕಬಾರದ್ರೀ. ಬಟ್ಟಿ ಎಳಿ ಹೆಂಗ ಮಲಗೇತಿ ಹಂಗ ಎಳೀಬೇಕು, ಬೆಕ್ಕಿನ ಮೈ ಸವರಿದಂಗ" ಎನ್ನುತ್ತಾರೆ ಅಕ್ಕವ್ವ, ತಲೆ ಎತ್ತದೆ.

ನಾಲ್ಕೂ ಟೇಬಲ್‌ಗಳ ಧೂಳು ತೆಗೆದಾದ ಮೇಲೆ ಅವರು ಗೋಡೆಗೆ ಒರಗಿಸಿದ ಕೋಲೊಂದನ್ನು ಕೈಗೆತ್ತಿಕೊಳ್ಳುತ್ತಾರೆ. ಮನೆಯಿಂದ ತಂದ ಸಣ್ಣ ಕನ್ನಡಿಯನ್ನು ಟೇಬಲ್‌ನ ಆ ತುದಿಯ ಅಂಚಿನ ಮೇಲೆ ನಿಲ್ಲಿಸಿ, ಈ ತುದಿಯಲ್ಲಿ ಬಾಗಿ, ಕೋಲು ಎಡಗಣ್ಣಿನ ನೇರಕ್ಕೆ ಬಂದಿದೆಯೇ ಎಂದು ನೋಡಿಕೊಳ್ಳುತ್ತಾರೆ. ಬಳಿಕ ಬಿಳಿ ಚೆಂಡನ್ನು ನೇರ ಹೊಡೆಯುತ್ತಾರೆ. ಅದು ಎದುರಿನ ಅಂಚಿಗೆ ತಾಗಿ, ಹೋದ ದಾರಿಯಲ್ಲೇ ಮರಳಿ, ಕೋಲಿನ ತುದಿಗೇ ಬಂದು ಮುಟ್ಟುತ್ತದೆ. ಮತ್ತೆ ಹೊಡೆಯುತ್ತಾರೆ. ಮತ್ತೆ ಬರುತ್ತದೆ. ಕೆಳಗಿನಿಂದ ಸಾಂಬಾರಿನ ಒಗ್ಗರಣೆಯ ವಾಸನೆ ಮೇಲೇರುವವರೆಗೂ ಇದೇ ನಡೆಯುತ್ತದೆ.

ಮೂವತ್ತಾರರ ಅಕ್ಕವ್ವ ಈ ಪೂಲ್ ಹಾಲ್‌ನ ಮಾರ್ಕರ್. ಎಂದರೆ ಆಟಗಾರರಿಗೆ ಚೆಂಡು ಜೋಡಿಸಿಕೊಡುವವರು, ಯಾರ ಸರದಿ, ಯಾವುದು ತಪ್ಪು ಎಂದು ತೀರ್ಪು ಹೇಳುವವರು, ಹೊಸಬರಿಗೆ ಕೋಲು ಹಿಡಿಯುವುದನ್ನು ಕಲಿಸುವವರು. ಈ ಭಾಗದ ಹಾಲ್‌ಗಳಲ್ಲಿ ಈ ಕೆಲಸಕ್ಕೆ ಹೆಂಗಸರು ನಿಂತಿದ್ದನ್ನು ತಾವು ಕಂಡಿಲ್ಲ ಎಂದು ಇಲ್ಲಿಗೆ ಬರುವ ಹಳೆಯ ಆಟಗಾರರು ಹೇಳುತ್ತಾರೆ. ಅಕ್ಕವ್ವ ಇಲ್ಲಿಗೆ ಬಂದದ್ದು ನೆಲ ಒರೆಸುವುದಕ್ಕೆ.

ಅವರದು ಸವಣೂರು ಕಡೆಯ ಹಳ್ಳಿ. ಮದುವೆಯಾದ ಹೊಸತರಲ್ಲಿ ಗಂಡ ದ್ಯಾಮಪ್ಪನ ಜೊತೆ ಬೆಂಗಳೂರಿಗೆ ಬಂದರು. ದ್ಯಾಮಪ್ಪ ಪ್ಲೈವುಡ್ ಸಾಗಿಸುವ ಲಗೇಜ್ ಆಟೋ ಓಡಿಸುತ್ತಾರೆ. ಅಕ್ಕವ್ವ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಕಾಲರ್ ಹೊಲಿಯುತ್ತಿದ್ದರು. ಅದು ಬಾಗಿಲು ಹಾಕಿದಾಗ ಅತ್ತಿಗುಪ್ಪೆಯ ಪರಿಚಯದವರೊಬ್ಬರು ಈ ಹಾಲ್ ತೋರಿಸಿದರು. ಕಟ್ಟಡವೂ ಹಾಲ್ ಕೂಡ ಮುನಿವೆಂಕಟಪ್ಪನವರದು. ಅತ್ತಿಗುಪ್ಪೆ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಇಲ್ಲಿರುವ ಮನೆತನ.

"ಮೊದಲು ಚೆಂಡು ಎತ್ತಿ ಒರೆಸಿ ಇಡ್ತಿದ್ದೆ. ಆಮೇಲೆ ಕೈಲೆ ಉಳ್ಳಸ್ತಿದ್ದೆ. ಒಂದಿನ ಯಾರೂ ಇರ್ಲಿಲ್ಲ, ಕೋಲು ತಗೊಂಡೆ" ಎಂದು ನಗುತ್ತಾರೆ ಅಕ್ಕವ್ವ. "ಆ ಚೆಂಡಿಗೆ ಚೆಂಡು ತಾಗೋ ಸಪ್ಪಳ ಐತಲ್ರೀ, ಟಕ್ ಅಂತ, ಅದು ನನಗ ಹುಚ್ಚು ಹಿಡಿಸ್ತು."

ಮುನಿವೆಂಕಟಪ್ಪ ಇದನ್ನು ಕಂಡೂ ಸುಮ್ಮನಿದ್ದರು. ಎರಡು ವರ್ಷದ ಹಿಂದೆ ಹಾಲ್‌ನ ಮಾರ್ಕರ್ ಮೈಸೂರಿಗೆ ಹೊರಟುಹೋದಾಗ ಅಕ್ಕವ್ವ ನೇರವಾಗಿ ಅವರ ಎದುರು ನಿಂತು, ಆ ಕೆಲಸ ತನಗೆ ಕೊಡಿ ಎಂದು ಕೇಳಿದರು. ಯಜಮಾನರು ಉಗುರಿನಲ್ಲಿ ಮೇಜು ಕೆರೆಯುತ್ತಾ ಬಹಳ ಹೊತ್ತು ಯೋಚಿಸಿದರಂತೆ.

"ನಾನೇನ್ ಬ್ಯಾಡ ಅಂದ್ನಾ ತಾಯಿ? ಆದ್ರೆ ಆಡಕ್ ಬರ್ದಿರೋರ್ ಮಾತ್‌ನ ಈ ಹುಡುಗ್ರು ಕೇಳಾಕಿಲ್ಲ. ಯಶ್ವಂತ್ ಕೂಡೆ ಆಡು. ಗೆದ್ರೆ ಮಾರ್ಕರ್ ನೀನೇ."

ಯಶ್ವಂತ್ ವಿಜಯನಗರದ ಹುಡುಗ, ವಿಮಾ ಕಚೇರಿಯಲ್ಲಿ ಕೆಲಸ, ಸಂಜೆಯಾದರೆ ಈ ಹಾಲ್‌ನ ಹುಲಿ. ಆ ಭಾನುವಾರ ಅವನ ಗೆಳೆಯರೆಲ್ಲ ಗೋಡೆಗುಂಟ ಸಾಲಾಗಿ ನಿಂತಿದ್ದರು. ಆಟದ ನಿಯಮ ಸರಳ: ಒಬ್ಬೊಬ್ಬರಿಗೆ ಏಳು ಚೆಂಡು, ತಮ್ಮ ಏಳನ್ನೂ ಟೇಬಲ್ ಅಂಚಿನ ಗುಳಿಗಳಿಗೆ ಕಳಿಸಿದವರು ಕೊನೆಗೆ ಕಪ್ಪು ಚೆಂಡನ್ನು ಹಾಕಿದರೆ ಗೆದ್ದಂತೆ. ಅಕ್ಕವ್ವ ಓರೆಯಿಂದ ಹೊಡೆದ ಕೆಲವು ಹೊಕ್ಕವು. ಆದರೆ ಯಾರು ಬೇಕಾದರೂ ಹಾಕಬಹುದಾದ ನೇರ ಚೆಂಡುಗಳೇ ತಪ್ಪಿದವು. ಪ್ರತಿ ಸಲವೂ ಗುಳಿಯ ಬಲತುಟಿಗೆ ಬಡಿದು ಆಚೆ ಉರುಳಿದವು. "ಅಕ್ಕಾ, ಅದು ಪೊರಕೆ ಅಲ್ಲ" ಎಂದು ಯಾರೋ ಕೂಗಿದರು. ಹಾಲ್ ತುಂಬಾ ನಗು. ಯಶ್ವಂತ್ ಕಪ್ಪು ಚೆಂಡನ್ನು ಹಾಕಿ ಮುಗಿಸಿದಾಗ ಅಕ್ಕವ್ವನ ನಾಲ್ಕು ಚೆಂಡುಗಳು ಟೇಬಲ್ ಮೇಲೇ ಉಳಿದಿದ್ದವು.

ಅವರು ಕೋಲನ್ನು ಅದರ ಜಾಗದಲ್ಲಿಟ್ಟು, ಬಕೆಟ್ ತಂದು, ಅದೇ ಜನ ನೋಡುತ್ತಿರುವಾಗಲೇ ನೆಲ ಒರೆಸಿದರು.

"ಅಳು ಬರ್ಲಿಲ್ಲರೀ, ಸಿಟ್ಟು ಬಂತು. ಸೋತದ್ದಕ್ಕಲ್ಲ. ಕಣ್ಣಿಗೆ ನೆಟ್ಟಗ ಕಾಣ್ತೈತಿ, ನೆಟ್ಟಗ ಹೊಡೀತೀನಿ, ಸೊಟ್ಟ ಹೋಗ್ತೈತಿ. ಯಾಕ ಅಂತ ನನಗ ತಿಳೀವಲ್ದು. ಅದಕ್ಕ ಸಿಟ್ಟು."

ನೋಡಿದವರೆಲ್ಲ ಒಂದೊಂದು ಕಾರಣ ಹೇಳಿದರು. ಕೈ ಗಟ್ಟಿಯಿಲ್ಲ ಎಂದರು. ಹೆದರಿಕೆ ಎಂದರು. ಒಂದು ಕಣ್ಣು ಮುಚ್ಚಿ ಹೊಡಿ ಎಂದರು. ಎಡಗಣ್ಣು ಮುಚ್ಚಿ ನೋಡಿದಾಗ ಚೆಂಡೇ ಜಾಗ ಬದಲಿಸಿದಂತಾಗಿ ಇನ್ನಷ್ಟು ಕೆಟ್ಟಿತು. ಆದರೂ ಮರುದಿನ ಬೆಳಿಗ್ಗೆ ಟೇಬಲ್ ಒರೆಸಿದ ಮೇಲೆ ಕೋಲು ತೆಗೆದುಕೊಂಡರು. ಅದರ ಮರುದಿನವೂ. ಒಂದು ದೀಪ ಹಾಕಿಕೊಳ್ಳಲು ಯಜಮಾನರ ಒಪ್ಪಿಗೆಯಿತ್ತು.

ಹೀಗೆ ಹೊಡೆಯುತ್ತಿದ್ದ ಒಂದು ಮುಂಜಾನೆ ದೊಡ್ಡಹನುಮಯ್ಯ ಮೇಲೆ ಬಂದರು. ಸಶಸ್ತ್ರ ಮೀಸಲು ಪೊಲೀಸ್ ಪಡೆಯಲ್ಲಿದ್ದು ನಿವೃತ್ತರಾದವರು. ಹೊಸ ಕಾನ್‌ಸ್ಟೆಬಲ್‌ಗಳಿಗೆ ರೈಫಲ್ ಗುರಿ ಕಲಿಸುತ್ತಿದ್ದವರು. ವಾಕಿಂಗ್ ಮುಗಿಸಿ, ಕೆಳಗೆ ಕಾಫಿ ಕುಡಿದು, ಗೆಳೆಯ ಮುನಿವೆಂಕಟಪ್ಪನನ್ನು ಹುಡುಕಿಕೊಂಡು ಬಂದಿದ್ದರು. ಗೆಳೆಯ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ನೋಡತೊಡಗಿದರು.

"ನಾನು ಸುಮ್ನೆ ನೋಡ್ತಾ ಕೂತೆ ಸಾರ್" ಎಂದು ಆ ದಿನವನ್ನು ನೆನೆಯುತ್ತಾರೆ ದೊಡ್ಡಹನುಮಯ್ಯ. "ಹುಡುಗರ ಕೈ ನಡುಗಿದ್ರೆ ಗುಂಡುಗಳು ಬೋರ್ಡ್ ತುಂಬಾ ಚೆದುರಿರ್ತವೆ. ಅದೇ ಎಲ್ಲಾ ಗುಂಡೂ ಒಂದೇ ಕಡೆ ಗುಂಪಾಗಿ ಬಿದ್ದಿದ್ರೆ ಕೈ ಗಟ್ಟಿಯಾಗೇ ಇದೆ ಅಂತ ಅರ್ಥ, ನೋಟದಲ್ಲೇ ಏನೋ ಎಡವಟ್ಟು. ಈಯಮ್ಮನ ಚೆಂಡು ಎಷ್ಟು ಸಲ ಹೊಡೆದ್ರೂ ಬಲಕ್ಕೇ ಹೋಗ್ತಿತ್ತು. ನನಗೆ ಅಲ್ಲೇ ಅನುಮಾನ ಬಂತು."

ಅವರು ಎದ್ದು ಬಂದು ಅಕ್ಕವ್ವನಿಗೆ ಎರಡೂ ಕೈ ಮುಂದೆ ಚಾಚಲು ಹೇಳಿದರು. ಅಂಗೈಗಳನ್ನು ಒಂದರ ಮೇಲೊಂದು ತಂದು ನಡುವೆ ಪುಟ್ಟ ಕಿಂಡಿ ಮಾಡಿಸಿದರು. ಎರಡೂ ಕಣ್ಣು ತೆರೆದು ಆ ಕಿಂಡಿಯೊಳಗಿಂದ ಗೋಡೆಯ ಗಡಿಯಾರ ನೋಡಬೇಕು.

"ಈಗ ಎಡಗಣ್ಣು ಮುಚ್ಚಮ್ಮ. ಗಡಿಯಾರ ಐತಾ?"

"ಇಲ್ರೀ. ಬರೇ ಗೋಡಿ ಕಾಣ್ತೈತಿ."

"ಅದನ್ನ ಬಿಟ್ಟು ಬಲಗಣ್ಣು ಮುಚ್ಚು."

"ಐತ್ರೀ! ಗಡಿಯಾರ ಐತಿ."

"ಹಂಗಾದ್ರೆ ನಿನ್ನ ಯಜಮಾನ ಕಣ್ಣು ಎಡದ್ದು. ನೀನು ಬಲಗೈಯವಳು, ಕೋಲನ್ನ ಬಲಗಣ್ಣಿನ ಕೆಳಗೆ ಇಟ್ಕೊಂಡಿದೀಯ. ದಾರಿ ತೋರ್ಸೋನು ಒಂದು ಕಡೆ, ಗಾಡಿ ಒಂದು ಕಡೆ."

ಹೆಚ್ಚಿನವರಲ್ಲಿ ಎರಡು ಕಣ್ಣುಗಳಲ್ಲಿ ಒಂದರ ಮಾತು ಹೆಚ್ಚು ನಡೆಯುತ್ತದೆ. ದೃಷ್ಟಿ ಎರಡರಲ್ಲೂ ಚೆನ್ನಾಗಿದ್ದರೂ ಗುರಿಯ ವಿಷಯ ಬಂದಾಗ ಮಿದುಳು ಆ ಒಂದರ ಮಾತನ್ನೇ ನಂಬುತ್ತದೆ. ಬಲಗೈಯವರಲ್ಲಿ ಬಹುಮಂದಿಗೆ ಅದು ಬಲಗಣ್ಣೇ ಆಗಿರುತ್ತದೆ, ಹಾಗಾಗಿ ಅವರಿಗೆ ತೊಡಕು ಗೊತ್ತಾಗುವುದಿಲ್ಲ. ಅಕ್ಕವ್ವನಂತೆ ಕೈ ಬಲ, ಕಣ್ಣು ಎಡ ಆದವರೂ ಕಡಿಮೆಯೇನಿಲ್ಲ. ಕೋಲು ಆ ಕಣ್ಣಿಗೆ ಹೊಂದುವ ಜಾಗಕ್ಕೆ ಬಾರದಿದ್ದರೆ ನೆಟ್ಟಗಿರುವುದು ಓರೆಯಾಗಿ, ಓರೆಯಾದದ್ದು ನೆಟ್ಟಗೆ ಕಾಣುತ್ತದೆ.

ಕಾರಣ ಸಿಕ್ಕಿತು. ಚೆಂಡು ಮಾತ್ರ ಮಾತು ಕೇಳಲಿಲ್ಲ. ಕೋಲು ಎಡಗಣ್ಣಿನ ಕೆಳಗೆ ಬರಬೇಕಾದರೆ ತಲೆಯನ್ನು ಬಲಕ್ಕೆ ತರಬೇಕು. ತಲೆ ಸರಿದರೆ ಭುಜ ಸರಿಯುತ್ತದೆ, ಭುಜದ ಹಿಂದೆ ಪಾದ. ಮೊದಲ ವಾರಗಳಲ್ಲಿ ಅಕ್ಕವ್ವ ಹಿಂದೆಂದಿಗಿಂತ ಕೆಟ್ಟದಾಗಿ ಆಡಿದರು. ಮೊದಲು ಬಲಕ್ಕೆ ಮಾತ್ರ ಹೋಗುತ್ತಿದ್ದ ಚೆಂಡು ಈಗ ಎರಡೂ ಕಡೆ ಹೋಗತೊಡಗಿತು. ಕುತ್ತಿಗೆ ಹಿಡಿದುಕೊಂಡು ಮನೆಯಲ್ಲಿ ರೊಟ್ಟಿ ತಟ್ಟುವುದೂ ಕಷ್ಟವಾಯಿತು.

"ಬಿಟ್ಟುಬಿಡು, ಯಾರಿಗೆ ಬೇಕಾಗೇತಿ ಇದು" ಎಂದು ದ್ಯಾಮಪ್ಪ ಒಂದು ರಾತ್ರಿ ಕುತ್ತಿಗೆಗೆ ಎಣ್ಣೆ ತಿಕ್ಕುತ್ತಾ ಹೇಳಿದರಂತೆ.

"ನನಗ ಬೇಕಾಗೇತಿ" ಎಂದರು ಅಕ್ಕವ್ವ. ಮರುದಿನ ಬೆಳಿಗ್ಗೆ ಹೆಂಡತಿಯ ಕೈಗೆ ಕನ್ನಡಿ ಕೊಟ್ಟು ಕಳಿಸಿದವರು ದ್ಯಾಮಪ್ಪನೇ. ಅದು ಅವರು ಗಡ್ಡ ಹೆರೆಯುವ ಕನ್ನಡಿ.

ಮಳೆಗಾಲ ಕಳೆಯಿತು. ದೊಡ್ಡಹನುಮಯ್ಯ ವಾರಕ್ಕೊಮ್ಮೆ ಬಂದು ಕುಳಿತು ನೋಡಿ ಹೋಗುತ್ತಿದ್ದರು. ಪೂಲ್ ಅವರಿಗೆ ಬಾರದು. ಅವರು ಹೇಳುತ್ತಿದ್ದುದು ಒಂದೇ: "ಮೊದಲು ನಿಂತ್ಕೊಂಡು ದಾರಿ ನೋಡು. ಆಮೇಲೆ ಬಾಗು. ಬಾಗಿದ ಮೇಲೆ ಹುಡುಕಬೇಡ." ದೀಪಾವಳಿ ಹೊತ್ತಿಗೆ ಬಿಳಿ ಚೆಂಡು ಹೋದ ದಾರಿಯಲ್ಲೇ ಹಿಂದಿರುಗಿ ಕೋಲನ್ನು ಮುಟ್ಟತೊಡಗಿತು. ಅಕ್ಕವ್ವ ಮತ್ತೆ ಯಜಮಾನರ ಎದುರು ನಿಂತರು.

"ಇನ್ನೊಮ್ಮೆ ಆಡ್ತೀನ್ರೀ."

ಅಷ್ಟು ದಿನ ಮಾರ್ಕರ್ ಕೆಲಸವನ್ನು ಯಜಮಾನರೇ ಹೇಗೋ ನಿಭಾಯಿಸುತ್ತಿದ್ದರು. ಒಪ್ಪಿದರು. ಯಶ್ವಂತ್ ಕೂಡ ನಗುತ್ತಲೇ ಒಪ್ಪಿದ. ಅದೂ ಭಾನುವಾರವೇ. ಈ ಸಲ ಗೋಡೆಗುಂಟ ನಿಂತವರಲ್ಲಿ ಖಾಕಿ ಅಂಗಿಯ ದ್ಯಾಮಪ್ಪನೂ ಇದ್ದರು.

ಆಟ ಅರ್ಧಕ್ಕೆ ಬರುವಷ್ಟರಲ್ಲಿ ನಗು ನಿಂತಿತ್ತು. ಇಬ್ಬರದೂ ಏಳೇಳು ಚೆಂಡು ಮುಗಿದು ಕಪ್ಪು ಒಂದೇ ಉಳಿಯಿತು. ಯಶ್ವಂತ್ ಹೊಡೆದ. ಅದು ಗುಳಿಯ ಅಂಚಿನಲ್ಲಿ ತಡವರಿಸಿ ಆಚೆ ಸರಿದು, ಬಿಳಿ ಚೆಂಡಿನಿಂದ ಬಲು ದೂರ ನಿಂತಿತು. ಬಿಳಿ, ಕಪ್ಪು, ಗುಳಿ, ಮೂರೂ ಒಂದೇ ಗೆರೆಯಲ್ಲಿ. ಬೇರೆಯವರಿಗಾದರೆ ಹಬ್ಬ. ಅಕ್ಕವ್ವನನ್ನು ಮೊದಲ ಸಲ ಸೋಲಿಸಿದ್ದೇ ಇಂಥ ನೇರ ಹೊಡೆತ.

ಅವರು ಬಾಗಿದರು. ಎದ್ದರು. ಹಿಂದೆ ಸರಿದು ನಿಂತು ಗೆರೆಯನ್ನು ಇನ್ನೊಮ್ಮೆ ನೋಡಿದರು. "ಆಯ್ತು ಮಚ್ಚಾ, ಅಕ್ಕ ಹೆದರಿಬಿಟ್ರು" ಎಂದು ಒಬ್ಬ ಪಿಸುಗುಟ್ಟಿದ. ಮತ್ತೆ ಬಾಗಿದರು.

"ಎಲ್ಲಾರೂ ನನ್ನ ಕೈ ನೋಡಾಕತ್ತಿದ್ರು. ನನಗ ಯಾರೂ ಕಾಣ್ಲಿಲ್ಲ. ಬರೇ ಗೆರಿ ಕಂಡಿತು" ಎನ್ನುತ್ತಾರೆ.

ಕಪ್ಪು ಚೆಂಡು ಗುಳಿಯ ಅಂಚನ್ನೂ ಸೋಕದೆ ಒಳಗೆ ಬಿತ್ತು. ಬಿಳಿ ಅದರ ಬೆನ್ನಿಗೇ ಉರುಳಿತು. ಅದೂ ಒಳಗೆ ಬಿದ್ದರೆ ಗೆದ್ದ ಆಟ ಸೋತಂತೆ. ಮುನಿವೆಂಕಟಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಬಿಳಿ ಚೆಂಡು ನಿಧಾನವಾಗುತ್ತಾ, ಗುಳಿಯ ಬಾಯಿಗೆ ಬೆರಳಗಲ ದೂರದಲ್ಲಿ ನಿಂತಿತು.

ಹಾಲ್‌ನಲ್ಲಿ ಮೊದಲು ಚಪ್ಪಾಳೆ ತಟ್ಟಿದವನು ಯಶ್ವಂತ್. "ಅಕ್ಕಾ, ನಂಗೂ ಆ ಕಿಂಡಿ ಟೆಸ್ಟ್ ಮಾಡಿ. ನನ್ ಕಣ್ಣು ಯಾವ್ದು ಅಂತ ಗೊತ್ತೇ ಇಲ್ಲ" ಎಂದು ಎರಡೂ ಕೈ ಚಾಚಿದ.

ಮಾರ್ಕರ್ ಕೆಲಸ ಸಿಕ್ಕಿತು, ಆದರೆ ಅಲ್ಲಿಗೆ ಎಲ್ಲವೂ ಸಲೀಸಾಗಲಿಲ್ಲ. ಹೆಂಗಸಿನ ತೀರ್ಪು ಒಪ್ಪುವುದಿಲ್ಲವೆಂದು ಕೆಲವರು ತಕರಾರು ತೆಗೆದರು. ಒಬ್ಬ, ಬಿಳಿ ಚೆಂಡಿಗೆ ಅಂಗಿಯ ತೋಳು ತಾಗಿದ್ದನ್ನು ಅಕ್ಕವ್ವ ತಪ್ಪೆಂದಾಗ, ಕೋಲು ಎಸೆದು ಯಜಮಾನರನ್ನು ಕರೆಸು ಎಂದ. ಯಜಮಾನರು ಬಂದು, "ಟೇಬಲ್ ಹತ್ರ ಅವಳೇ ಯಜಮಾನಿ ಕಣಪ್ಪ. ಇಷ್ಟ ಇದ್ರೆ ಆಡು" ಎಂದರು. ಅವನು ಹೋದ. ಮುಂದಿನ ವಾರ ಮರಳಿ ಬಂದ.

ಈಗ ಅಕ್ಕವ್ವನ ದಿನ ಬೆಳಿಗ್ಗೆ ಆರರ ಸುಮಾರಿಗೆ ಶುರುವಾಗಿ ರಾತ್ರಿ ಎಂಟಕ್ಕೆ ಮುಗಿಯುತ್ತದೆ, ಮಧ್ಯಾಹ್ನ ಮನೆಗೆ ಹೋಗಿ ಬರುವುದುಂಟು. ಹೊಸಬರು ಯಾರೇ ಬರಲಿ, ಕೋಲು ಕೊಡುವ ಮೊದಲು ಕೈ ಚಾಚಿಸಿ ಕಿಂಡಿಯೊಳಗಿಂದ ಗಡಿಯಾರ ನೋಡಿಸುತ್ತಾರೆ. ನಾನು ಹಾಲ್‌ನಲ್ಲಿದ್ದ ದಿನ ಫಕೀರೇಶ ಬಂದಿದ್ದ. ರೋಣದ ಕಡೆಯವನು, ಊಟ ತಲುಪಿಸುವ ಕೆಲಸ, ಕೆಂಗೇರಿ ಉಪನಗರದಲ್ಲಿ ವಾಸ. ಗೆಳೆಯರು ಆಡುವಾಗ ಅವನು ಸದಾ ಬೆಂಚಿನ ಮೇಲೆ ಕೂತಿರುತ್ತಿದ್ದನಂತೆ.

"ಅಕ್ಕಾರ, ನನಗ ಸಣ್ಣಂದಿನಿಂದ ಎಡಗಣ್ಣು ಮಂಜು. ಒಂದ ಕಣ್ಣಿಲೆ ಇದು ಆಗಂಗಿಲ್ಲಲ್ರೀ?"

"ಯಾಕ ಆಗಂಗಿಲ್ಲ? ಎರಡು ಇದ್ದವರಿಗೆ ಯಾವುದರ ಮಾತು ಕೇಳಬೇಕು ಅನ್ನೋ ಜಗಳ. ನಿನಗ ಆ ಜಗಳಾನ ಇಲ್ಲ" ಎಂದು ಅಕ್ಕವ್ವ ಅವನ ಗದ್ದವನ್ನು ಎಡಕ್ಕೆ ಸರಿಸಿ, ಕೋಲನ್ನು ಬಲಗಣ್ಣಿನ ಕೆಳಗೆ ತಂದರು. "ದೂರ ಅಳೆಯೋದು ಮೊದಲು ತ್ರಾಸ ಆಗ್ತೈತಿ. ಟೇಬಲ್ ಸುತ್ತ ನಡೆದು ನೋಡು. ನಡೆದ್ರ ತಿಳಿತೈತಿ."

ಫಕೀರೇಶನ ಮೊದಲ ಚೆಂಡು ತಪ್ಪಿತು, ಎರಡನೆಯದೂ ತಪ್ಪಿತು. ಅಕ್ಕವ್ವ ಅವನ್ನು ಮತ್ತೆ ಅದೇ ಜಾಗದಲ್ಲಿಟ್ಟರು. ಬೇಸರವಾಗಲಿ, ಮುಗುಳ್ನಗೆಯಾಗಲಿ ಇಲ್ಲ. ಮತ್ತೊಂದು ಸಲ ಇಟ್ಟರು. ಚೆಂಡು ಗುಳಿಗೆ ಬಿದ್ದಾಗ ಅವನು ಹೆಲ್ಮೆಟ್ ಎತ್ತಿಕೊಳ್ಳುವುದನ್ನೂ ಮರೆತು ಕೆಳಗೆ ಓಡಿದ, ಆರ್ಡರ್ ಕಾಯುತ್ತಿತ್ತು. ಮತ್ತೆ ಹತ್ತಿ ಬಂದು ಹೆಲ್ಮೆಟ್ ಒಯ್ದ.

ಬರುವ ತಿಂಗಳು ರಾಜಾಜಿನಗರದಲ್ಲಿ ಹೆಂಗಸರ ಪೂಲ್ ಪಂದ್ಯವೊಂದಿದೆ. ಅಕ್ಕವ್ವ ಹೆಸರು ಕೊಟ್ಟಿದ್ದಾರೆ. ಗೆಲ್ಲುತ್ತೀರಾ ಎಂದು ಕೇಳಿದರೆ, "ಗೆಲ್ಲಾಕ ಹೊಂಟೀನಿ. ಸುಮ್ನ ನೋಡಿ ಬರಾಕ ಅಲ್ಲ" ಎನ್ನುತ್ತಾರೆ.

ಆಸೆ ಏನಾದರೂ ಇದೆಯೇ ಎಂಬ ಪ್ರಶ್ನೆಗೆ ಅವರು ಊರಿನಲ್ಲಿರುವ ತಾಯಿ ದಾನಮ್ಮನ ಮಾತು ತೆಗೆಯುತ್ತಾರೆ.

"ಅವ್ವಗ ನನ್ನ ಕೆಲಸ ಹೇಳಿದ್ರ ತಿಳಿಯಂಗಿಲ್ಲ. ಊರಾಗ ಎಲ್ಲಾರಿಗೂ 'ನನ್ನ ಮಗಳು ಬೆಂಗಳೂರಾಗ ಕೋಲು ಹಿಡಿದು ಹುಡುಗರನ್ನ ಕಾಯ್ತಾಳ' ಅಂತ ಹೇಳ್ಯಾಳ. ಒಮ್ಮೆ ಕರಕೊಂಡು ಬಂದು ಆ ಕುರ್ಚಿ ಮ್ಯಾಲ ಕೂಡಿಸ್ಬೇಕು. ಉದ್ದಾನುದ್ದ ಒಂದು ನೆಟ್ಟನ್ನ ಚೆಂಡು ಹಾಕಿ ತೋರಿಸ್ಬೇಕು. ಆಮೇಲೆ ಆಕಿ ಏನರ ಹೇಳ್ಕೊಳ್ಳಿ."